ಬಿಸಿಲಲ್ಲಿ ದೂರ ಓಡುವಾಗ ಓಆರ್‌ಎಸ್ ಹೀಗೆ ಕುಡಿಯಿರಿ

ಬೇಸಿಗೆಯಲ್ಲಿ ನಮ್ಮ ಕಲಬುರಗಿ 40 ಡಿಗ್ರಿ ದಾಟುತ್ತದೆ. ಅಪ್ಪನ ಕೆರೆ ಸುತ್ತ ಓಡಿ ಬಂದಮೇಲೆ ನನ್ನ ಕಪ್ಪು ಟೋಪಿಯ ಅಂಚಲ್ಲಿ ಬಿಳಿ ಗೆರೆ ಮೂಡಿರುತ್ತದೆ, ಮುಟ್ಟಿದರೆ ಒರಟು. ಅದು ಬೆವರಿನ ಉಪ್ಪು. ಗಂಟೆಗಟ್ಟಲೆ ಓಡುತ್ತಾ ಬರೀ ನೀರನ್ನೇ ಜಾಸ್ತಿ ಕುಡಿದರೆ ರಕ್ತದ ಸೋಡಿಯಂ (ಉಪ್ಪಿನಂಶ) ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗಬಹುದು. ಓಆರ್‌ಎಸ್, ಅಂದರೆ ಉಪ್ಪು-ಸಕ್ಕರೆಯ ಪುಡಿ ಕರಗಿಸಿದ ನೀರು ಆದರೂ ಅಷ್ಟೇ, ಅತಿಯಾಗಿ ಕುಡಿದರೆ ಅಪಾಯ ತಪ್ಪಿದ್ದಲ್ಲ.

ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣಕ್ಕೆ 1 ಲೀಟರ್ ನೀರು. ಅಳತೆ ಪೊಟ್ಟಣದ ಮೇಲೇ ಇರುತ್ತದೆ, ಓದಿಕೊಳ್ಳಿ. ಗಟ್ಟಿ ಮಾಡಿದರೆ ಹೊಟ್ಟೆ ಕೆಡುತ್ತದೆ. ಓಟಕ್ಕೆ ಎರಡು ತಾಸು ಮುಂಚೆ ಒಂದೆರಡು ಲೋಟ ಸಾಕು. ಓಡುವಾಗ ಬಾಯಾರಿದಂತೆ ಗುಟುಕು ಗುಟುಕಾಗಿ ಕುಡಿಯಿರಿ. ಹೊಸ ಪುಡಿಯನ್ನು ಮೊದಲು ಪ್ರಾಕ್ಟೀಸ್‌ನಲ್ಲಿ ನೋಡಿ. ಬಿಪಿ, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಕುಡಿಯಿರಿ.