ಅಮೆರಿಕಾನಾ ಲಾಕ್ ಹ್ಯಾಂಗ ಹಾಕ್ಬೇಕು: ತಾಲೀಮಿನಿಂದ ಮ್ಯಾಟಿಗೆ ಬಂದೋರಿಗೆ

ನಮ್ಮ ಕಲಬುರಗಿ ಕಡಿ ತಾಲೀಮಿನಾಗ ಕುಸ್ತಿ ಆಡಿ ಆಮ್ಯಾಲ ಜಿಯು-ಜಿಟ್ಸುಕ್ಕ (ಕೈಕಾಲು ಲಾಕ್ ಮಾಡಿ ಸೋಲೊಪ್ಪಿಸೋ ನೆಲದ ಕುಸ್ತಿ) ಬರೋ ಹುಡುಗರಿಗೆ ನಾ ಮೊದಲು ಅಮೆರಿಕಾನಾನೇ ಕಲೀರಿ ಅಂತೀನಿ, ಅಂದ್ರ ಮಡಚಿದ ಕೈ ತಿರುವಿ ಭುಜ ಲಾಕ್ ಮಾಡೋ ಪಟ್ಟು. ಕುಸ್ತಿನಾಗ ಬೆನ್ನು ಮಣ್ಣಿಗೆ ಹತ್ತಿದ್ರ ಚಿತ್, ಆಟ ಮುಗೀತು, ಇಲ್ಲಿ ಹಂಗಿಲ್ಲ, ಕೆಳಗ ಬಿದ್ದವ ಇನ್ನೂ ಆಟದಾಗೇ ಇರ್ತಾನ, ಗಾಬರಿ ಆಗಿ ನಿಮ್ಮ ಮಾರಿ ನೂಕ್ಲಕ್ಕ ಕೈ ಎತ್ತಿದ್ನಂದ್ರ ಆ ಕೈನೇ ನಿಮಗ ಬೇಕಾಗಿದ್ದು.

ನೀವು ಸೈಡ್ ಕಂಟ್ರೋಲ್‌ನಾಗ ಅಂದ್ರ ಅವನ ಬಲಕ್ಕ ಅಡ್ಡ ಬಿದ್ದು ಎದಿಗೆ ಎದಿ ಒತ್ತೀರಿ ಅನ್ಕೋರಿ. ಅವನ ಎಡ ಮಣಿಕಟ್ಟು ನಿಮ್ಮ ಎಡಗೈಲೆ ಹಿಡದು ತಲಿ ಕಡಿ ನೆಲಕ್ಕ ಒತ್ರಿ, ಅವನ ಅಂಗೈ ಮ್ಯಾಲ ನೋಡ್ಬೇಕು, ಮೊಣಕೈ ಮಡಚಿರಬೇಕು. ನಿಮ್ಮ ಎಡ ಮೊಣಕೈ ಅವನ ಕಿವಿ ಬಾಜೂಕ ಊರ್ರಿ. ಬಲಗೈ ಅವನ ರಟ್ಟಿ ಕೆಳಗಿಂದ ತೂರಿಸಿ ನಿಮ್ಮದೇ ಎಡ ಮಣಿಕಟ್ಟು ಹಿಡೀರಿ. ಹೆಬ್ಬಟ್ಟು ಸುತ್ತಬ್ಯಾಡ್ರಿ, ಐದೂ ಬೆರಳು ಒಂದೇ ಕಡಿ ಇರ್ಲಿ.

ಇಲ್ಲೇ ಭಾಳ ಮಂದಿ ತಪ್ಪತಾರ. ಹಿಡದ ಕೂಡ್ಲೆ ಅವನ ಮೊಣಕೈ ಮ್ಯಾಲ ಎತ್ತತಾರ, ಭುಜಕ್ಕ ತಿರುಗ್ಲಕ್ಕ ಇನ್ನೂ ಜಾಗ ಇರ್ತದ, ಅದಕ್ಕ ಏನೂ ಆಗಂಗಿಲ್ಲ, ಆಮ್ಯಾಲ ಇವರು ಜೋರು ಹಾಕ್ಲಕತ್ತತಾರ. ಮೊದಲು ಮೊಣಕೈನ ಅವನ ಸೊಂಟದ ಕಡಿ ಎಳೀರಿ, ಮುಂಗೈ ಹಿಂಭಾಗ ಮ್ಯಾಟ್ ಬಿಡದೆ ಜಾರಬೇಕು, ನಮ್ಮ ಅವ್ವಂದಿರು ಸಗಣಿಲೆ ನೆಲ ಸಾರಸ್ತಾರಲ್ಲ ಥೇಟ್ ಹಂಗ. ಜಾಗ ತೀರಿದ ಮ್ಯಾಲ ಮೊಣಕೈ ಸಾವಕಾಶ ಎತ್ರಿ, ನಾಕು ಬೆರಳಷ್ಟು ಎತ್ತೋದ್ರಾಗೇ ಅವ ಟ್ಯಾಪ್ ಮಾಡ್ತಾನ, ಅಂದ್ರ ಕೈಲೆ ತಟ್ಟಿ ಸೋಲೊಪ್ಪತಾನ.

ಸಾವಕಾಶ ಅಂದ್ರ ಖರೇನೇ ಸಾವಕಾಶ, ಮೂರು ನಾಕು ಸೆಕೆಂಡ್ ತಗೋರಿ. ನನಗ ಒಬ್ಬ ಜೋಡೀದಾರ ಜಟಕಾ ಹೊಡದಿದ್ದ, ಎರಡು ತಿಂಗಳು ಅಂಗಿ ಹಾಕ್ಕೊಳ್ಳಾಕ ಕೈ ಏಳ್ಲಿಲ್ಲ. ನಮ್ಮ ಮೇ ಬಿಸಲಾಗ, ನಲವತ್ತು ಡಿಗ್ರಿ ದಾಟಿದಾಗ, ಬೆವರಿಗೆ ಮಣಿಕಟ್ಟು ಜಾರ್ತದ, ಆಗ ಎಳದಾಡಬ್ಯಾಡ್ರಿ, ಎದಿ ಭಾರ ಅವನ ಮ್ಯಾಲ ಬಿಡ್ರಿ.

ಅವ ಕೈ ಸೆಟದ್ರ ಹಿಡಿತ ಬಿಡಬ್ಯಾಡ್ರಿ, ನಿಮ್ಮ ಬಲ ಮುಂಗೈ ಅವನ ಮೊಣಕೈ ಕೆಳಗೇ ಇರ್ತದ, ಮಣಿಕಟ್ಟು ಕೆಳಗ ಒತ್ತಿದ್ರ ನೆಟ್ಟನ ಆರ್ಮ್‌ಲಾಕ್ ಆಗ್ತದ. ಕೈ ಸೊಂಟದ ಕಡಿ ತಿರುವಿದ್ರ ಕಿಮುರಾ ಅನ್ನೋ ಲಾಕ್, ಜೂಡೋದಾಗ ಅಮೆರಿಕಾನಾ, ಕಿಮುರಾ ಎರಡಕ್ಕೂ ಉದೆ-ಗರಾಮಿ ಅಂತಾರ. 1951ರಾಗ ಬ್ರೆಜಿಲ್‌ನಾಗ ಜಪಾನಿನ ಜೂಡೋ ಪಟು ಮಸಾಹಿಕೊ ಕಿಮುರಾ ಈ ಕಿಮುರಾ ಲಾಕಿಲೆ ಅಲ್ಲಿಯ ಜಿಯು-ಜಿಟ್ಸು ಪಟು ಹೇಲಿಯೊ ಗ್ರೇಸಿ ಕೈ ಮುರದ, ಹೇಲಿಯೊ ಟ್ಯಾಪ್ ಮಾಡ್ಲೇ ಇಲ್ಲ, ಅವನ ಕಡಿಯವರೇ ಆಟ ನಿಲ್ಲಿಸಿದ್ರು.

ನೀವು ಹಂಗ ಕೈ ಮುರಿಯೋ ತನಕ ಹೋಗಬ್ಯಾಡ್ರಿ. ಎಡಕ್ಕ ಹತ್ತು ಬಲಕ್ಕ ಹತ್ತು ಸಲ ಪ್ರಾಕ್ಟೀಸ್ ಮಾಡ್ರಿ, ಕೆಳಗಿದ್ದವ ಕೈಲೆ ತಟ್ಲಿ ಬಾಯಿಲೆ ಅನ್ಲಿ, ಕೇಳಿದ ಕೂಡ್ಲೆ ಬಿಟ್ಟುಬಿಡ್ರಿ.