ಜಿಪ್ಸಿಗೆ ಕಮ್ಮಿ ದುಡ್ಡಲ್ಲಿ ಬೀಡ್‌ಲಾಕ್ ಹುಡುಕಿದ್ದು

ಎರಡು ವರ್ಷದ ಹಿಂದಿನ ಜುಲೈ. ಸಕಲೇಶಪುರದ ಹತ್ತಿರ ಗೆಳೆಯನ ಕಾಫಿ ತೋಟದಲ್ಲಿ ನನ್ನ ಮಾರುತಿ ಜಿಪ್ಸಿಯಲ್ಲಿ ಒಂದು ಏರು ಹತ್ತುತ್ತಿದ್ದೆ. ಮೂರು ದಿನದಿಂದ ಬಿಡದೆ ಮಳೆ. ಕೆಸರಲ್ಲಿ ಹಿಡಿತ ಸಿಗಲಿ ಅಂತ ಟೈರಿನ ಗಾಳಿಯನ್ನು ಬರೀ 9 ಪಿಎಸ್‌ಐಗೆ ಇಳಿಸಿದ್ದೆ. ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಒಂದು ಬೇರು ದಾಟುವಾಗ ಮುಂದಿನ ಬಲಗಡೆ ಚಕ್ರದಿಂದ ಟಪ್ ಅಂತ ಶಬ್ದ ಬಂತು. ಇಳಿದು ನೋಡಿದರೆ ಟೈರಿನ ಅಂಚು ರಿಮ್ ಬಿಟ್ಟು ಕಳಚಿಕೊಂಡಿದೆ. ಸಂದಿಯೊಳಗೆ ಕೆಂಪು ಕೆಸರು, ಹುಲ್ಲು, ಕೊಳೆತ ಎಲೆ.

ಅದನ್ನು ಮತ್ತೆ ಕೂರಿಸೋಕೆ ಎರಡು ಗಂಟೆ ಹಿಡಿಯಿತು. ಜಾಕ್ ಕೆಸರಲ್ಲಿ ಹೂತು ಹೋಗುತ್ತಿತ್ತು, ಕೆಳಗೆ ಹಲಗೆ ಕೊಟ್ಟೆವು. ಕುಡಿಯೋ ನೀರಲ್ಲಿ ರಿಮ್ಮಿನ ಅಂಚು ತೊಳೆದು ಬೆರಳಿಂದ ಒರೆಸಿದೆ. ಒಂದು ಹುಲ್ಲುಕಡ್ಡಿ ಉಳಿದರೂ ಗಾಳಿ ಸೋರುತ್ತದೆ. ಟೈರಿನ ಸುತ್ತ ಲಗೇಜ್ ಬೆಲ್ಟ್ ಬಿಗಿದಾಗ ಟೈರಿನ ನಡುಭಾಗ ತಗ್ಗಿ ಅಂಚುಗಳು ಹೊರಕ್ಕೆ ಚಾಚಿದವು. ನಮ್ಮ ಸಣ್ಣ ಕಂಪ್ರೆಸರ್ ನಾಲ್ಕನೇ ಸಲಕ್ಕೆ ಗೆದ್ದಿತು. ಅಷ್ಟರಲ್ಲಿ ಎರಡೂ ಕಾಲಿಗೆ ಇಂಬಳ ಹತ್ತಿ ರಕ್ತ ಸುರೀತಿತ್ತು. ಮನೆಗೆ ಬರುವ ದಾರಿಯಲ್ಲೇ ಬೀಡ್‌ಲಾಕ್, ಅಂದರೆ ಟೈರಿನ ಅಂಚು ಕಳಚದ ಹಾಗೆ ಹಿಡಿಯುವ ವೀಲ್ ಹಾಕಿಸೋದು ಅಂತ ತೀರ್ಮಾನ ಮಾಡಿದೆ.

ಗಾಳಿ ಅಷ್ಟು ಯಾಕೆ ಇಳಿಸಬೇಕು ಅಂತ ಕೇಳಬಹುದು. ಜಿಪ್ಸಿ ಹಗುರ ಗಾಡಿ. ಸಾಫ್ಟ್ ಟಾಪ್ ಆದರೆ ತೂಕ ಒಂದು ಟನ್ನಿನ ಆಸುಪಾಸು. ಭಾರದ ಗಾಡಿಯ ಟೈರ್ 15 ಪಿಎಸ್‌ಐಗೇ ಚೆನ್ನಾಗಿ ಹರಡಿಕೊಳ್ಳುತ್ತದೆ. ನಮ್ಮದು ಅಷ್ಟಕ್ಕೆ ಹರಡುವುದಿಲ್ಲ, ಇನ್ನೂ ಇಳಿಸಬೇಕು. ಆದರೆ ಮಾಮೂಲಿ ರಿಮ್‌ನಲ್ಲಿ ಟೈರಿನ ಅಂಚನ್ನು ಹಿಡಿದಿಡುವುದು ಒಳಗಿನ ಗಾಳಿಯ ಒತ್ತಡವೇ. ಅದು ಇಳಿದಷ್ಟೂ ಹಿಡಿತ ಸಡಿಲ. ಬೀಡ್‌ಲಾಕ್‌ನಲ್ಲಿ ಹೊರಗಿನ ಅಂಚನ್ನು ಒಂದು ದಪ್ಪ ಕಬ್ಬಿಣದ ಬಳೆ ಬೋಲ್ಟ್‌ಗಳಿಂದ ಕಚ್ಚಿ ಹಿಡಿಯುತ್ತದೆ. ನೀವು 14ರ ಕೆಳಗೆ ಇಳಿಸೋದೇ ಇಲ್ಲ ಅಂದರೆ ಸುಮ್ನೆ ದುಡ್ಡು ಹಾಕಬೇಡಿ. ಅದೇ ದುಡ್ಡಲ್ಲಿ ಒಳ್ಳೆ ಟೈರ್ ತಗೊಳ್ಳಿ.

ನನ್ನ ಹತ್ತಿರ ಇದ್ದದ್ದು 50 ಸಾವಿರ ರೂಪಾಯಿ. ಹೊರದೇಶದ ಫೋರ್ಜ್ಡ್ ಅಲಾಯ್ ಬೀಡ್‌ಲಾಕ್ ವೀಲ್ ವಿಚಾರಿಸಿದೆ. ಸಾಗಣೆ, ಸುಂಕ ಸೇರಿದರೆ ಒಂದೇ ವೀಲ್‌ಗೆ ಹೆಚ್ಚುಕಮ್ಮಿ ಅಷ್ಟೂ ಖರ್ಚಾಗುತ್ತಿತ್ತು. ಆಮೇಲೆ ಒಂದು ಅಂಗಡಿಯಲ್ಲಿ ತುಂಬ ಅಗ್ಗಕ್ಕೆ ಚಂದದ ವೀಲ್ ತೋರಿಸಿದರು. ಸುತ್ತ ಬೋಲ್ಟ್ ಸಾಲು ನೋಡಿ ಖುಷಿಯಾಯಿತು. ಕೈಗೆ ತಗೊಂಡು ತಿರುಗಿಸಿ ನೋಡಿದೆ. ಬಳೆ ಬೇರೆಯಾಗಿರಲೇ ಇಲ್ಲ, ಎಲ್ಲ ಒಂದೇ ಎರಕ. ಬೋಲ್ಟ್‌ಗಳು ಬರೀ ಅಲಂಕಾರಕ್ಕೆ. ‘ಬೀಡ್‌ಲಾಕ್ ಸ್ಟೈಲ್’ ಅಂತ ಹೆಸರಿದ್ದರೆ ಎಚ್ಚರ. ಒಂದು ಬೋಲ್ಟ್ ಬಿಚ್ಚಿ ತೋರಿಸಿ ಅಂತ ಕೇಳಿ, ಗೊತ್ತಾಗುತ್ತದೆ.

ಮೂರನೇ ದಾರಿ, ಇರುವ ಸ್ಟೀಲ್ ರಿಮ್‌ಗೇ ಬಳೆ ವೆಲ್ಡ್ ಮಾಡಿಸುವುದು. ಇದು ಎಲ್ಲಕ್ಕಿಂತ ಅಗ್ಗ, ನನಗೂ ಆಸೆಯಾಯಿತು. ನಾನು ಯಾವಾಗಲೂ ಹೋಗುವ ಲೇತ್ ಶಾಪಿನವರು ಹಳೇ ರಿಮ್ ಒಂದನ್ನು ಹಬ್‌ಗೆ ಕಟ್ಟಿ, ಒಂದು ಮೊಳೆಯನ್ನು ಅದರ ಅಂಚಿಗೆ ತಾಗುವ ಹಾಗೆ ಹಿಡಿದು ನಿಧಾನ ತಿರುಗಿಸಿದರು. ಒಂದು ಕಡೆ ಮೊಳೆ ಕೆರೆಯಿತು, ಎದುರುಗಡೆ ಎರಡು ಮಿಲಿಮೀಟರ್ ಸಂದಿ ಬಿಟ್ಟಿತು. ಅಂದರೆ ರಿಮ್ಮೇ ಸೊಟ್ಟ.

"ನೋಡಿ ಸಾರ್, ಇದಿನ್ನೂ ವೆಲ್ಡಿಂಗ್ ಮುಂಚೆ. ಸುತ್ತ ಬಿಸಿ ಕೊಟ್ರೆ ಇನ್ನೂ ಎಳ್ಕೊಳ್ಳುತ್ತೆ. ಮಾಡಿಕೊಡಿ ಅಂದ್ರೆ ಮಾಡ್ತೀನಿ, ಆದ್ರೆ ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಓಡಿಸಬೇಡಿ."

ಅವರಿಗೆ ಬರಬೇಕಿದ್ದ ಕೆಲಸ ಅದು. ಆದರೂ ಅಷ್ಟು ನೇರವಾಗಿ ಹೇಳಿದರು. ಆ ಮಾತಿಗೆ ನಾನು ಇವತ್ತಿಗೂ ಋಣಿ.

ಕೊನೆಗೆ ನಮ್ಮ ದೇಶದಲ್ಲೇ ಮಾಡಿದ ಸ್ಟೀಲ್ ಬೀಡ್‌ಲಾಕ್ ನಾಲ್ಕು ತಗೊಂಡೆ. ಐದಲ್ಲ, ನಾಲ್ಕೇ. ಸ್ಟೆಪ್ನಿಗೆ ಮಾಮೂಲಿ ರಿಮ್ ಸಾಕು, ಟೈರ್ ಮಾತ್ರ ಅದೇ ಅಳತೆಯದು ಇರಬೇಕು. ಆಯ್ಕೆ ಮಾಡುವಾಗ ನಾನು ಮೊದಲು ಕೇಳಿದ್ದು ಬಣ್ಣವನ್ನಲ್ಲ, ತೂಕವನ್ನೂ ಅಲ್ಲ. "ಬೋಲ್ಟ್ ಯಾವ ಸೈಜು?" ಅಂತ. ಒಂದು ವೀಲ್‌ಗೆ 24 ಬೋಲ್ಟ್, ನಾಲ್ಕಕ್ಕೆ 96. ಕಲ್ಲಿಗೆ ಉಜ್ಜಿ ತಲೆ ಸವೆಯುತ್ತವೆ, ತುಕ್ಕು ಹಿಡಿಯುತ್ತವೆ, ಒಂದೆರಡು ಮುರಿದೂ ಹೋಗುತ್ತವೆ. ಇಂಚಿನ ಅಳತೆಯ ವಿದೇಶಿ ಬೋಲ್ಟ್ ಆದರೆ ಪ್ರತಿಸಲ ತರಿಸಬೇಕು. ನನ್ನದು 8 ಎಂಎಂ, ಬಲದ ದರ್ಜೆ 8.8 ಗ್ರೇಡ್. ನಮ್ಮೂರ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಬಳೆ ಸೊಟ್ಟಗಾದರೆ ಬಳೆಯನ್ನಷ್ಟೇ ಬೇರೆ ಕೊಡ್ತಾರಾ ಅಂತಲೂ ಕೇಳಿ ಖಾತ್ರಿ ಮಾಡಿಕೊಂಡೆ. ಕಮ್ಮಿ ಬೆಲೆ ಅನ್ನೋದು ಕೊಳ್ಳುವ ದಿನದ ಲೆಕ್ಕ ಮಾತ್ರ ಅಲ್ವಲ್ಲ.

ಅಳತೆ ವಿಷಯ ಹೇಳಿಬಿಡುತ್ತೇನೆ. ಜಿಪ್ಸಿಗೆ ಐದು ನಟ್, ಪಿಸಿಡಿ (ನಟ್‌ಗಳು ಕೂರುವ ವೃತ್ತದ ವ್ಯಾಸ) 139.7 ಎಂಎಂ, ನಡುವಿನ ತೂತು ಸುಮಾರು 108 ಎಂಎಂ. ಕಂಪನಿಯ ರಿಮ್ ಐದೂವರೆ ಇಂಚು ಅಗಲ. ನಾನು 15 ಇಂಚು ವ್ಯಾಸ, 7 ಇಂಚು ಅಗಲದ್ದು ತಗೊಂಡು 30 ಇಂಚು ಎತ್ತರ, 9.5 ಇಂಚು ಅಗಲದ ಮಡ್ ಟೈರ್ ಹಾಕಿದೆ. ಎಂಟು, ಹತ್ತು ಇಂಚಿಗೆ ಹೋಗಿ ಚಕ್ರ ಆಚೆ ಚಾಚಿಕೊಂಡರೆ ನೋಡೋಕೆ ಜೋರು, ಆದರೆ ಹಬ್ ಬೇರಿಂಗ್‌ಗೆ ಹೊರೆ ಜಾಸ್ತಿ, ಸ್ಟೀರಿಂಗ್ ಕೈಗೆ ಒದೆಯುತ್ತದೆ. ತೀರಾ ಒಳಕ್ಕೆ ಬಂದರೆ ಪೂರ್ತಿ ತಿರುಗಿಸಿದಾಗ ಲೀಫ್ ಸ್ಪ್ರಿಂಗ್ ಪಟ್ಟಿಗೆ ಉಜ್ಜುತ್ತದೆ.

ಟೈರ್ ಕೂರಿಸುವ ಕೆಲಸ ನಾನೇ ಮಾಡಿದೆ, ಒಂದೂವರೆ ದಿನ ಬೇಕಾಯಿತು. ಇಂಪ್ಯಾಕ್ಟ್ ಗನ್ ದೂರ ಇಡಿ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್ ಬೇಕೇ ಬೇಕು. ಎಳೆಗಳಿಗೆ ಗ್ರೀಸ್‌ನಂಥ ಆ್ಯಂಟಿ ಸೀಜ್ ಹಚ್ಚಿ, ಎದುರುಬದುರು ನಾಲ್ಕು ಬೋಲ್ಟ್ ಮೊದಲು ಹಿಡಿಸಬೇಕು. ಆಮೇಲೆ ಉಳಿದವು, ಸ್ವಲ್ಪ ಸ್ವಲ್ಪವಾಗಿ, ಮೂರು ಸುತ್ತಿನಲ್ಲಿ. ನನ್ನ ವೀಲ್‌ಗೆ ತಯಾರಕರು ಕೊಟ್ಟ ಲೆಕ್ಕ 20 ನ್ಯೂಟನ್ ಮೀಟರ್. ಮೊದಲನೇ ವೀಲ್‌ನಲ್ಲಿ ಆತುರಪಟ್ಟು ಒಂದೇ ಕಡೆಯಿಂದ ಸಾಲಾಗಿ ಬಿಗಿದೆ. ಬಳೆ ಒಂದು ಬದಿ ಒಳಗೆ ಹೋಗಿ ಇನ್ನೊಂದು ಬದಿ ಬಾಯಿ ಬಿಟ್ಟಿತು. 24ನ್ನೂ ಬಿಚ್ಚಿ ಮತ್ತೆ ಶುರು ಮಾಡಿದೆ.

ಒಂದು ಮಾತು ದಯವಿಟ್ಟು ಮರೆಯಬೇಡಿ. ಟೈರಲ್ಲಿ ಗಾಳಿ ಇರುವಾಗ ಬಳೆಯ ಬೋಲ್ಟ್ ಯಾವತ್ತೂ ಸಡಿಲಿಸಬಾರದು. ವಾಲ್ವ್ ಪಿನ್ ತೆಗೆದು, ಪೂರ್ತಿ ಖಾಲಿಯಾದ ಮೇಲೇ ಸ್ಪ್ಯಾನರ್ ಹಾಕಿ. ಬಳೆ ಹಾರಿ ಮುಖಕ್ಕೆ ಬಡಿದರೆ ಜೀವಕ್ಕೇ ಅಪಾಯ. ಪಂಕ್ಚರ್ ಅಂಗಡಿಯ ಹುಡುಗರಿಗೆ ಇದು ಗೊತ್ತಿರಲ್ಲ. ನೀವು ಪಕ್ಕದಲ್ಲೇ ನಿಂತು ಹೇಳಬೇಕು.

ಕೊರತೆಯೂ ಇದೆ. ವೀಲ್ ಭಾರ ಆಯಿತು, ಮೈಲೇಜ್ ಇಳಿಯಿತು. ಬ್ಯಾಲೆನ್ಸಿಂಗ್ ಸರಿಯಾಗಿ ಕೂರಲ್ಲ, 80 ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಬದಲಾವಣೆಗೆ ಮಿತಿ ಹಾಕಿದೆ. ಅದಕ್ಕೇ ಹಳೇ ವೀಲ್‌ಗಳನ್ನು ಮಾರಲಿಲ್ಲ. ಊರೊಳಗೆ ಓಡಾಡೋಕೆ ಅವೇ. ಬೀಡ್‌ಲಾಕ್ ಹಾಕೋದು ತೋಟದ ಗೇಟಿನ ಒಳಗೆ.

ಮೊದಲ ಮಳೆಗಾಲದಲ್ಲಿ ಅದೇ ಏರಿಗೆ 7 ಪಿಎಸ್‌ಐ ಇಟ್ಟು ಹೋದೆ. ಟೈರ್ ಹಾವಿನ ಹೊಟ್ಟೆ ಥರ ಬೇರಿಗೆ ಅಪ್ಪಿಕೊಂಡು ದಾಟಿತು. ಸುಮಾರು 50 ಕಿಲೋಮೀಟರ್ ಓಡಿದ ಮೇಲೆ ರೆಂಚ್ ಹಾಕಿ ನೋಡಿದೆ. 96ರಲ್ಲಿ 11 ಬೋಲ್ಟ್ ಸಡಿಲವಾಗಿ, ಕಾಲು ಸುತ್ತು ತಿರುಗಿದವು. ಈಗ ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಡಬ್ಬಿ ಇದೆ. ಅದರಲ್ಲಿ ಹತ್ತು ಬೋಲ್ಟ್, ಹತ್ತು ನಟ್, ಒಂದು ಚಿಟಿಕೆ ಉಪ್ಪು. ಉಪ್ಪು ಇಂಬಳಕ್ಕೆ.