ಪ್ಲಾಸ್ಟರ್ ಇಲ್ಲದ ಇಟ್ಟಿಗೆ ಗೋಡೆ: ಪುಣೆ ಮಳೆಯಲ್ಲೂ ಚೆಂದ ಉಳಿಯಲು ಹೀಗೆ ಕಟ್ಟಿಸಿ

1732ರಲ್ಲಿ ಕಟ್ಟಿ ಮುಗಿಸಿದ ಪುಣೆಯ ಪೇಶ್ವೆಗಳ ಶನಿವಾರವಾಡಾ ಕೋಟೆಯ ಒಳಗಿನ ಅರಮನೆ 1828ರ ಬೆಂಕಿಯಲ್ಲಿ ಸುಟ್ಟುಹೋಯಿತು. ಕಲ್ಲಿನ ಬುಡದ ಮೇಲೆ ಎದ್ದ ಇಟ್ಟಿಗೆಯ ಕೋಟೆ ಗೋಡೆ ಇವತ್ತಿಗೂ ನಿಂತಿದೆ. ಈಗ ಪುಣೆಯಲ್ಲಿ ಸ್ವಂತ ಮನೆ ಕಟ್ಟಿಸುವ ನಮ್ಮ ಕನ್ನಡಿಗರೂ 'ಒಂದು ಗೋಡೆಯಾದ್ರೂ ಬರೀ ಇಟ್ಟಿಗೆಯದ್ದು ಇರಲಿ' ಎನ್ನುತ್ತಾರೆ. ಬಣ್ಣದ ಖರ್ಚಿಲ್ಲ, ಹಳತಾದಷ್ಟೂ ಕಳೆ. ಆದರೆ ಪ್ಲಾಸ್ಟರ್ ಇಲ್ಲದ ಮೇಲೆ ತಪ್ಪು ಮುಚ್ಚಲು ಏನೂ ಇರುವುದಿಲ್ಲ, ಅಲ್ವಾ?

ಮೊದಲು ಜಾಗ ಆರಿಸಿ. ಮುಂಗಾರು ಮಳೆ ನೈರುತ್ಯದಿಂದ ಬೀಸಿ ಹೊಡೆಯುತ್ತದೆ. ಪಶ್ಚಿಮ, ದಕ್ಷಿಣದ ಗೋಡೆಗೆ ಇಟ್ಟಿಗೆ ಬೇಕೇ ಬೇಕು ಎಂದರೆ ಮೇಲೆ ಅಗಲವಾದ ಸಜ್ಜಾ (ಗೋಡೆಯಿಂದ ಹೊರಚಾಚಿದ ಚಪ್ಪಡಿ) ಇರಲಿ. ಸಜ್ಜಾದ ಅಡಿಯಲ್ಲಿ ನೀರು ತೊಟ್ಟಿಕ್ಕಿ ಬೀಳುವಂತೆ ಒಂದು ಗೀರು ಬಿಡಿಸಿ. ಇಲ್ಲದಿದ್ದರೆ ನೀರು ಗೋಡೆಗುಂಟ ಇಳಿದು ಹಸಿರು ಪಾಚಿ ಕಟ್ಟುತ್ತದೆ.

ಎರಡನೆಯದು ಇಟ್ಟಿಗೆ. ಅವಸರ ಬೇಡ, ಅರ್ಧ ಕೆಲಸ ಇಲ್ಲೇ ಇದೆ. ಎರಡನ್ನು ಒಂದಕ್ಕೊಂದು ತಟ್ಟಿದರೆ ಠಣ್ ಎನ್ನಬೇಕು. ಉಗುರಿನಿಂದ ಗೀರಿದರೆ ಗೆರೆ ಬೀಳಬಾರದು. ಚೆನ್ನಾಗಿ ಒಣಗಿದ ಇಟ್ಟಿಗೆಯನ್ನು ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಮತ್ತೆ ತೂಗಿ. ಸಾಮಾನ್ಯ ಇಟ್ಟಿಗೆ ತನ್ನ ತೂಕದ ಶೇ 20ಕ್ಕಿಂತ ಜಾಸ್ತಿ ನೀರು ಕುಡಿಯಬಾರದು ಎನ್ನುತ್ತದೆ ಗುಣಮಟ್ಟ ನಿಗದಿಪಡಿಸುವ ಭಾರತೀಯ ಮಾನಕ ಬ್ಯೂರೊ (ಬಿಐಎಸ್). ಅಂದರೆ 3 ಕೆ.ಜಿ.ಯದು 3.6 ಕೆ.ಜಿ. ದಾಟಬಾರದು. ಉಪ್ಪಿನ ಪರೀಕ್ಷೆಯನ್ನಂತೂ ಬಿಡಬೇಡಿ. ತಟ್ಟೆಯಲ್ಲಿ 25 ಮಿ.ಮೀ. ನೀರು ಹಾಕಿ ಇಟ್ಟಿಗೆ ನೆಟ್ಟಗೆ ನಿಲ್ಲಿಸಿ. ನೀರು ಆರಿದ ಮೇಲೆ ಇನ್ನೊಮ್ಮೆ ಅಷ್ಟೇ ಹಾಕಿ. ಅದೂ ಆರಿದಾಗ ಬಿಳಿ ಪುಡಿ ದಟ್ಟವಾಗಿ ಕಂಡರೆ ಆ ಇಟ್ಟಿಗೆ ಭಟ್ಟಿಗೆ ಕೈಮುಗಿದು ಬನ್ನಿ. ಒಪ್ಪಿಗೆಯಾದರೆ ಇಡೀ ಗೋಡೆಗೆ ಬೇಕಾದಷ್ಟನ್ನು ಒಂದೇ ಸಲ ತರಿಸಿ. ನಾಲ್ಕಾರು ರಾಶಿಯಿಂದ ಬೆರೆಸಿ ಕಟ್ಟಿದರೆ ಬಣ್ಣದ ಪಟ್ಟೆ ಕಾಣುವುದಿಲ್ಲ.

ಇನ್ನು ಗೌಂಡಿ. ಪುಣೆಯ ಕೂಲಿ ನಾಕಾಗಳಲ್ಲಿ (ಕೂಲಿಯವರು ಕೆಲಸಕ್ಕೆ ಕಾಯುವ ಚೌಕಗಳಲ್ಲಿ) ಕಲಬುರಗಿ, ವಿಜಯಪುರ ಕಡೆಯವರು ಸಿಗುತ್ತಾರೆ, ಮಾತು ಸಲೀಸು. ಆದರೆ ಪ್ಲಾಸ್ಟರ್ ನಂಬಿ ಕಟ್ಟುವ ಕೈ ಬೇರೆ, ಬರಿ ಇಟ್ಟಿಗೆಯ ಕೈ ಬೇರೆ. ಮೂರು ಅಡಿ ಮಾದರಿ ಗೋಡೆ ಕಟ್ಟಿಸಿ ನೋಡಿ. ಕೂಲಿ ಸ್ವಲ್ಪ ಜಾಸ್ತಿ ಕೇಳಿದರೆ ಕೊಡಿ, ಚೌಕಾಸಿ ಮಾಡುವ ಜಾಗ ಇದಲ್ಲ.

ಇಟ್ಟಿಗೆಯನ್ನು ನೆನೆಸಿ, ಮೇಲ್ಮೈ ಆರಿದ ಮೇಲೆ ಕಟ್ಟಬೇಕು. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಒಂದು ಪಾಲು ಸಿಮೆಂಟ್, ಆರು ಪಾಲು ಮರಳು, ಸಂದು 10 ಮಿ.ಮೀ. ಪ್ರತಿ ಸಾಲಿಗೂ ಸಾಲು ನೇರವಿದೆಯೇ ನೋಡಲು ದಾರ, ಗೋಡೆ ನೆಟ್ಟಗಿದೆಯೇ ನೋಡಲು ತೂಗುಗುಂಡು ಹಿಡಿಯಲಿ. ದಿನಕ್ಕೆ ಒಂದೂವರೆ ಮೀಟರ್‌ಗಿಂತ ಎತ್ತರ ಬೇಡ. ಗಾರೆ ಹಸಿಯಿರುವಾಗಲೇ ಸಂದನ್ನು ಕೆರೆದು, ಇಟ್ಟಿಗೆ ಮುಖಕ್ಕೆ ಅಂಟಿದ್ದನ್ನು ಒರೆಸಿಸಿ. ಏಳು ದಿನ ನೀರುಣಿಸಿ. ಆಮೇಲೆ ಒಂದಕ್ಕೆ ಮೂರರ ಗಾರೆಯಲ್ಲಿ ಪಾಯಿಂಟಿಂಗ್, ಅಂದರೆ ಕೆರೆದ ಸಂದನ್ನು ತುಂಬಿ ನೀಟು ಮಾಡುವುದು.

ಇಟ್ಟಿಗೆ ಉಳಿಸಬೇಕೆಂದರೆ ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಜನಪ್ರಿಯಗೊಳಿಸಿದ ರ‍್ಯಾಟ್ ಟ್ರ್ಯಾಪ್ ಕಟ್ಟಣೆ ಇದೆ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಡುತ್ತಾರೆ. ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಏಪ್ರಿಲ್ ಬಿಸಿಲಿನ ಕಾವೂ ಒಳಗೆ ಕಡಿಮೆ. ವೈರಿಂಗ್ ಪೈಪ್ ಎಲ್ಲಿ ಬರಬೇಕೆಂದು ಮಾತ್ರ ಮೊದಲೇ ಗುರುತಿಸಿ.

ಗೋಡೆ ಪೂರಾ ಒಣಗಿದ ಮೇಲೆ ಗೋಡೆಗೆ ಉಸಿರಾಡಲು ಬಿಟ್ಟು ಮಳೆನೀರನ್ನು ತಡೆಯುವ ಸಿಲೇನ್-ಸಿಲೋಕ್ಸೇನ್ ಲೇಪನ ಹೊಡೆಸಿ. ಮಿರಮಿರ ಹೊಳೆಯುವ ವಾರ್ನಿಷ್ ಸುಮ್ನೆ ದಂಡ, ಒಳಗಿನ ತೇವ ಸಿಕ್ಕಿಕೊಂಡು ಪದರ ಎದ್ದುಬರುತ್ತದೆ. ಮುಂದೆ ಎಲ್ಲಾದರೂ ಬಿಳಿ ಉಪ್ಪು ಕಂಡರೆ ಒಣ ಬ್ರಷ್‌ನಿಂದ ಉಜ್ಜಿ, ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಆ್ಯಸಿಡ್ ಬಾಟಲಿ ಮುಟ್ಟಬೇಡಿ.